ಬೀಟ್‌ರೂಟು ಮತ್ತು ನುಂಗದ ಮಾತ್ರೆಗಳು

2018ರಲ್ಲಿ ನಾನು ಬೈಂದೂರು ಕಡೆಯ ಒಂದು ಕಡಲ ತಡಿಯ ಊರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಈಗಲೂ ಅಲ್ಲೇ ಇದ್ದೇನೆ, ದಿನಾ ಅದೇ ಜನರ ಮುಖ ನೋಡಬೇಕು. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಸಹಾಯಕಿ ಎಂದರೆ ಗುಡಿಸುವುದು, ನೀರು ತರುವುದು, ಮಕ್ಕಳನ್ನು ಮನೆಯಿಂದ ಕರೆದುಕೊಂಡು ಬರುವುದು, ಅವರ ಮೂಗು ಕುಂಡೆ ತೊಳೆಯುವುದು, ಅಡುಗೆ ಮಾಡುವುದು. ರಿಜಿಸ್ಟರ್ ಬರೆಯುವುದು ಟೀಚರ್ ಕೆಲಸ. ನಮ್ಮ ಟೀಚರ್ ವಿನೋದಾ ಒಳ್ಳೆಯವರು, ಬರೆಯುವ ಕೆಲಸವೇ ಮುಗಿಯುತ್ತಿರಲಿಲ್ಲ ಅವರಿಗೆ. ಹಾಗಾಗಿ ಗರ್ಭಿಣಿಯರ ಊಟ, ಮಾತ್ರೆ ಎರಡೂ ನನ್ನ ಕೈಗೇ ಬಂದಿತ್ತು.

ಆಗ ಬಸುರಿ ಹೆಂಗಸರು ಮಧ್ಯಾಹ್ನ ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು. ಊಟ ಆದ ಮೇಲೆ ಒಂದು ಕೆಂಪು ಮಾತ್ರೆ. ಅದು ಕಬ್ಬಿಣದ ಮಾತ್ರೆ. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬುದು ಹನ್ನೊಂದಕ್ಕಿಂತ ಮೇಲೆ ಇರಬೇಕು. ಅದನ್ನು ಎಲ್ಲರೂ ಎಚ್‌ಬಿ ಎನ್ನುತ್ತಾರೆ. ಏಳಕ್ಕಿಂತ ಕೆಳಗೆ ಹೋದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಅಪಾಯ. ಇದನ್ನು ನನಗೆ ಯಾರೂ ಓದಿಸಲಿಲ್ಲ, ಸಿಸ್ಟರ್‌ಗಳು ಹೇಳಿದ್ದನ್ನು ಕೇಳಿ ಕೇಳಿ ಕಲಿತದ್ದು.

ಮಾತ್ರೆ ಅಂದರೆ ಹೆಂಗಸರಿಗೆ ಬೇಸರ. ವಾಂತಿ ಬಂದಂತಾಗುತ್ತದೆ, ಬಾಯಿ ತುಕ್ಕು ತಿಂದ ಹಾಗೆ ಆಗುತ್ತದೆ, ಹೊಟ್ಟೆ ಕಟ್ಟುತ್ತದೆ. ಅದಕ್ಕೆ ಕೆಲವರು ಬಾಯಿಗೆ ಹಾಕಿದ ಹಾಗೆ ಮಾಡಿ ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಅವರನ್ನು ಹಿಡಿಯಲು ನನ್ನದೇ ಎರಡು ದಾರಿ ಇದ್ದವು. ಒಂದು, ಅಂಗೈ ನೋಡುವುದು. ಒದ್ದೆ ಕೈಯಲ್ಲಿ ಮಾತ್ರೆ ಹಿಡಿದುಕೊಂಡರೆ ಅದರ ಮೇಲಿನ ಕೆಂಪು ಕರಗಿ ಅಂಗೈಗೆ ಅಂಟುತ್ತದೆ. ಎರಡನೆಯದು, ಕಕ್ಕಸಿಗೆ ಹೋದಾಗ ಬಣ್ಣ ಯಾವುದು ಎಂದು ಕೇಳುವುದು. ಕಬ್ಬಿಣ ಹೊಟ್ಟೆಗೆ ಹೋದರೆ ಅದು ಕಪ್ಪಾಗುತ್ತದೆ. ಎಲ್ಲರ ಎದುರಿಗೆ ಕೇಳುತ್ತಿದ್ದೆ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ನನಗೆ ನಾಚಿಕೆ ಇಲ್ಲ, ಇಪ್ಪತ್ತೊಂಬತ್ತು ವರ್ಷ ಊರಿನ ಮಕ್ಕಳ ಕುಂಡೆ ತೊಳೆದವಳಿಗೆ ಎಂತ ನಾಚಿಕೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪವಿತ್ರ ಎಂಬ ಹುಡುಗಿ ಬಂದಳು. ಜಲಜಳ ಮಗಳು. ಜಲಜ ಅಂದರೆ ನನ್ನ ಗೆಳತಿ. ನನಗೆ ಅಂಗನವಾಡಿ ಕೆಲಸ ಸಿಗುವ ಮೊದಲು ನಾವಿಬ್ಬರೂ ಗಂಗೊಳ್ಳಿಯಿಂದ ಮೀನು ತಂದು, ಬುಟ್ಟಿ ಹೊತ್ತು ಯಡ್ತರೆಯವರೆಗೆ ಮನೆ ಮನೆ ತಿರುಗಿ ಮಾರಿದವರು. ಒಂದು ಮನೆಯ ಜಗುಲಿಯಲ್ಲಿ ಅವಳು ಕೂತರೆ ಪಕ್ಕದ ಮನೆಗೆ ನಾನು. ಒಬ್ಬಳ ಬುಟ್ಟಿ ಖಾಲಿಯಾದರೆ ಇನ್ನೊಬ್ಬಳ ಬುಟ್ಟಿಯಿಂದ ಅರ್ಧ ತುಂಬಿಕೊಳ್ಳುತ್ತಿದ್ದಳು. ನಾನು ಬುಟ್ಟಿ ಬಿಟ್ಟೆ, ಅವಳು ಬಿಡಲಿಲ್ಲ. ಪವಿತ್ರ ನನ್ನ ಅಂಗನವಾಡಿಯಲ್ಲೇ ಬೆಳೆದವಳು. ಅವಳಿಗೆ ಅನ್ನ ಕಲಸಿ ತಿನ್ನಿಸಿದ್ದು ನಾನು.

ಅವಳ ಗಂಡನ ಮನೆ ಶಿರೂರು. ಗಂಡ ಬೋಟಿನಲ್ಲಿ ಕೆಲಸ. ನಾಲ್ಕನೇ ತಿಂಗಳಲ್ಲೂ ವಾಂತಿ ನಿಲ್ಲಲಿಲ್ಲ, ಮೀನಿನ ವಾಸನೆ ಬಂದರೆ ಸಾಕು ಹೊರಗೆ ಓಡುತ್ತಿದ್ದಳಂತೆ. ಮೀನು ಮಾರುವವಳ ಮಗಳಿಗೆ ಮೀನು ಆಗದು ಎಂದರೆ ಅತ್ತೆ ಮನೆಯಲ್ಲಿ ನಂಬುವವರು ಯಾರು. ಜಲಜ ಹೋಗಿ ಕರೆದುಕೊಂಡು ಬಂದಳು. ಮೊದಲ ಪರೀಕ್ಷೆಯಲ್ಲಿ ಎಚ್‌ಬಿ 8.8 ಬಂತು. ಮಧ್ಯಾಹ್ನ ಅಂಗನವಾಡಿಯಲ್ಲಿ ಒಂದು, ಮನೆಯಲ್ಲಿ ಮಲಗುವಾಗ ಒಂದು, ದಿನಕ್ಕೆ ಎರಡು ಮಾತ್ರೆ ಎಂದು ಬರೆದುಕೊಟ್ಟರು. ಜಲಜ ಮಗಳನ್ನು ನನ್ನ ಎದುರಿಗೆ ಕೂರಿಸಿ ಹೇಳಿದಳು, "ಗುಲಾಬಿ, ಇದನ್ನ್ ನಿನ್ನ್ ಕೈಗ್ ಕೊಟ್ಟಿದೆ. ಹೆರಿಗಿ ಆಪುವರಿಗೆ ನೀನೇ ಕಾಣ್ಕ್."

ನಾನು ನೋಡಿಕೊಂಡೆ. ಮೀನು ತಿನ್ನದವಳಿಗೆ ಎಂತ ಕೊಡುವುದು ಎಂದು ಯೋಚಿಸಿ ಬೀಟ್‌ರೂಟಿಗೆ ಕೈ ಹಾಕಿದೆ. ಕುಂದಾಪುರದ ಸಂತೆಗೆ ಘಟ್ಟದ ಮೇಲಿನಿಂದ ಒಳ್ಳೆಯ ಬೀಟ್‌ರೂಟ್ ಬರುತ್ತದೆ. ಸೊಪ್ಪು ಇದ್ದದ್ದನ್ನೇ ಆರಿಸಿ ತರುತ್ತಿದ್ದೆ. ಗಡ್ಡೆಯನ್ನು ಸಣ್ಣಗೆ ಕೊಚ್ಚಿ, ಸಾಸಿವೆ ಒಗ್ಗರಣೆ, ಕಾಯಿತುರಿ ಹಾಕಿದ ಪಲ್ಯ. ಸೊಪ್ಪನ್ನು ಬೇಳೆಯ ಜೊತೆ ಬೇಯಿಸಿ ಸಾಂಬಾರು. ವಾಂತಿ ಮಾಡುತ್ತಿದ್ದ ಹುಡುಗಿ ಎರಡು ಸಲ ಹಾಕಿಸಿಕೊಂಡು ಉಂಡಳು. ನನಗೆ ಖುಷಿಯಾಯಿತು. ವಾರಕ್ಕೆ ಒಂದು ಸಲ ಮಾಡುತ್ತಿದ್ದ ಪಲ್ಯ ನಾಲ್ಕು ಸಲ ಆಯಿತು. ಜಲಜಳೂ ಮನೆಯಲ್ಲಿ ಬೆಳಿಗ್ಗೆ ಒಂದು ಲೋಟ ಬೀಟ್‌ರೂಟ್ ರಸ ಹಿಂಡಿ ಕೊಡಲು ಶುರು ಮಾಡಿದಳು.

ಈಗ ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಬಡಿಸುವಾಗ ನಾನು ಸುಮ್ಮನೆ ಬಡಿಸುವವಳಲ್ಲ. "ತಿನ್ನಿ, ತಿನ್ನಿ, ಇದ್ ತಿಂದ್ರೆ ಮೈಯಲ್ಲ್ ರಕ್ತ ತುಂಬ್ತ್" ಎಂದು ದಿನಾ ಹೇಳುತ್ತಿದ್ದೆ. ನನಗೆ ಹಾಗೆ ಹೇಳಿದ್ದು ನನ್ನ ಅಬ್ಬಿ, ಅಂದರೆ ತಾಯಿ. ಕೆಂಪು ತಿಂದರೆ ಕೆಂಪು ರಕ್ತ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆದರೆ ಮಾತ್ರೆ ಬೇಡ ಎಂದು ನಾನು ಒಂದು ದಿನವೂ ಹೇಳಿದವಳಲ್ಲ. ಊಟದ ಬಟ್ಟಲು ತೆಗೆಯುವ ಮೊದಲೇ ಮಾತ್ರೆ ಕೈಗೆ ಕೊಡುತ್ತಿದ್ದೆ.

ಪವಿತ್ರ ಮಾತ್ರೆ ಬಾಯಿಗೆ ಹಾಕುತ್ತಿದ್ದಳು, ತಲೆ ಹಿಂದೆ ಮಾಡಿ ನೀರು ಕುಡಿಯುತ್ತಿದ್ದಳು. ಕೈ ತೋರಿಸು ಎಂದರೆ ಎರಡೂ ಅಂಗೈ ಮುಂದೆ ಹಿಡಿಯುತ್ತಿದ್ದಳು. ಅಂಗೈ ಕೆಂಪು.

"ಇದೆಂತ ಹೆಣ್ಣೆ?" ಎಂದು ಒಂದು ದಿನ ಕೇಳಿದೆ.

"ನಿಮ್ದೇ ಬೀಟ್‌ರೂಟ್ ಅಲ್ದಾ ಚಿಕ್ಕಮ್ಮ" ಎಂದು ನಕ್ಕಳು. ಪಕ್ಕದಲ್ಲಿ ಕೂತ ಐದು ಜನರ ಕೈಯೂ ಕೆಂಪೇ. ಬೀಟ್‌ರೂಟ್ ಪಲ್ಯವನ್ನು ಕೈಯಲ್ಲಿ ಕಲಸಿ ಉಂಡವರ ಕೈ ಕೆಂಪಾಗದೆ ಹಸಿರಾಗುತ್ತದೆಯೇ. ನಾನೂ ನಕ್ಕು ಬಟ್ಟಲು ತೊಳೆಯಲು ಹೋದೆ. ಎಡಗೈ ಯಾಕೆ ಕೆಂಪು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಕಕ್ಕಸಿನ ಬಣ್ಣ ಕೇಳಿದರೆ "ಕಪ್ಪೇ" ಎನ್ನುತ್ತಿದ್ದಳು. ಅದು ಪೂರಾ ಸುಳ್ಳೂ ಅಲ್ಲ. ಅಷ್ಟು ಬೀಟ್‌ರೂಟ್ ತಿಂದರೆ ಅದೂ ಕಪ್ಪುಗೆಂಪು ಆಗುತ್ತದೆ ಎಂದು ನನಗೆ ಆಮೇಲೆ ಗೊತ್ತಾಯಿತು.

ಎಂಟನೇ ತಿಂಗಳು. ಪವಿತ್ರ ನಡೆಯುವಾಗ ಏದುಸಿರು ಬಿಡುತ್ತಿದ್ದಳು. ಅಂಗನವಾಡಿಯ ಮೂರು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತಳು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ, ಸುಣ್ಣ ಬಳಿದ ಹಾಗೆ ಇತ್ತು. ಮರುದಿನ ಬೆಳಿಗ್ಗೆ ಜಲಜ, ನಾನು, ಅವಳು, ಮೂವರೂ ಬಸ್ಸು ಹತ್ತಿ ಕುಂದಾಪುರದ ಒಂದು ಆಸ್ಪತ್ರೆಗೆ ಹೋದೆವು. ನಾನು ಹೋಗಲೇಬೇಕು ಎಂದು ಇರಲಿಲ್ಲ. ಟೀಚರಿಗೆ ಹೇಳಿ ರಜೆ ಹಾಕಿ ಹೋದೆ.

ಎಚ್‌ಬಿ 6.6 ಬಂತು.

ಡಾಕ್ಟರಮ್ಮ ಬ್ರಹ್ಮಾವರ ಕಡೆಯವರು, ಸಣ್ಣ ಪ್ರಾಯ. ರಿಪೋರ್ಟನ್ನು ಎರಡು ಸಲ ನೋಡಿದರು. ಮಾತ್ರೆ ಸರಿಯಾಗಿ ತೆಗೆದುಕೊಂಡಿದ್ದಾಳಾ ಎಂದು ಕೇಳಿದರು. ದಿನಕ್ಕೆ ಎರಡು ತಪ್ಪದೆ ಎಂದಳು ಜಲಜ. ಪವಿತ್ರ ತಲೆ ಆಡಿಸಿದಳು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ನನ್ನ್ ಎದ್ರಿಗೇ ನುಂಗಿತ್ತ್ ಡಾಕ್ಟ್ರೆ. ಅದಕ್ಕೆ ನಾನ್ ಜವಾಬ್ದಾರಿ" ಎಂದೆ.

ಆ ಮಾತಿನಿಂದ ಎಷ್ಟು ಕೆಡುಕಾಯಿತು ಎಂದು ಕೇಳಿ. ನಾಲ್ಕು ತಿಂಗಳು ದಿನಕ್ಕೆ ಎರಡು ಮಾತ್ರೆ ನುಂಗಿಯೂ ರಕ್ತ ಏರುವ ಬದಲು ಇಳಿದಿದೆ ಎಂದಾದರೆ ಒಳಗೆ ಬೇರೆ ಏನೋ ಇದೆ ಎಂದೇ ಲೆಕ್ಕ. ಒಳಗೆ ಎಲ್ಲೋ ರಕ್ತ ಸೋರುತ್ತಿರಬಹುದು, ರಕ್ತದ್ದೇ ಕಾಯಿಲೆ ಇರಬಹುದು. ಅಷ್ಟರಲ್ಲಿ ಪವಿತ್ರಳೇ ಇನ್ನೊಂದು ಹೇಳಿದಳು, ಮೂತ್ರ ಕೆಂಪಾಗಿ ಹೋಗುತ್ತದೆ ಎಂದು. ಡಾಕ್ಟರಮ್ಮನ ಮುಖ ಬದಲಾಯಿತು. ಮೂತ್ರವನ್ನು ಲ್ಯಾಬಿಗೆ ಕಳಿಸಿದರು. ಹುಡುಗಿಯನ್ನು ಅಲ್ಲೇ ಮಲಗಿಸಿದರು. ಲ್ಯಾಬಿನ ಫಲಿತಾಂಶ ನೋಡಿಕೊಂಡು ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಬಹುದು, ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ಪರೀಕ್ಷೆ ಮಾಡಬೇಕಾಗಬಹುದು ಎಂದರು. ಜಲಜ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ನಾನು ಅವಳ ಬೆನ್ನು ಸವರಿದೆ. ಅವಳು ಅಷ್ಟೊತ್ತಿಗೂ ಬಾಯಿ ಬಿಡಲಿಲ್ಲ. ಇದನ್ನು ನಾನು ಇವತ್ತಿಗೂ ಮರೆತಿಲ್ಲ. ಮಗಳ ಮೂಳೆಗೆ ಸೂಜಿ ಹಾಕುತ್ತಾರೆ ಎಂದರೂ ಬಾಯಿ ಬಿಡಲಿಲ್ಲ.

ಬಟ್ಟೆ, ತಾಯಿ ಕಾರ್ಡು, ಆಧಾರ್ ಎಲ್ಲ ಮನೆಯಲ್ಲಿತ್ತು. ಜಲಜ ಮಗಳನ್ನು ಬಿಟ್ಟು ಬರುವ ಹಾಗಿರಲಿಲ್ಲ. ನಾನೇ ತರುತ್ತೇನೆ ಎಂದೆ. ಅವಳು ಬೀಗದ ಕೈ ಕೊಟ್ಟಳು. ಆ ಗಾಬರಿಯಲ್ಲಿ ಅವಳಿಗೆ ನೆನಪಿರಲಿಲ್ಲವೋ, ನಾನು ಕಂಡರೂ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದುಕೊಂಡಳೋ ಗೊತ್ತಿಲ್ಲ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದು ಬಾಗಿಲು ತೆರೆದೆ. ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಕಾರ್ಡು ಇದೆ ಎಂದಿದ್ದಳು. ಕಾರ್ಡು ಇತ್ತು. ಅದರ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬ. ಡಬ್ಬದ ಪಕ್ಕ ರಬ್ಬರ್ ಹಾಕಿ ಕಟ್ಟಿಟ್ಟ ಮಾತ್ರೆಯ ಸ್ಟ್ರಿಪ್ಪುಗಳು.

ನೆಲದ ಮೇಲೆ ಸುರಿದು ಎಣಿಸಿದೆ. ಒಂದೂ ಒಡೆಯದ ಸ್ಟ್ರಿಪ್ಪು ಹನ್ನೊಂದು. ಒಂದರಲ್ಲಿ ಹತ್ತು ಮಾತ್ರೆ. ಅವು ಮನೆಯಲ್ಲಿ ಮಲಗುವಾಗ ನುಂಗಬೇಕಾದವು. ಡಬ್ಬದಲ್ಲಿ ಬಿಡಿ ಮಾತ್ರೆ ಎಂಬತ್ತಮೂರು, ಕೆಂಪು ಅರ್ಧ ಕರಗಿ ಒಳಗಿನ ಬೂದು ಬಣ್ಣ ಕಾಣುತ್ತಿತ್ತು. ಅವು ನಾನು ಕೊಟ್ಟವು, ನಾನು ಅತ್ತ ತಿರುಗಿದಾಗ ಎಡಗೈಗೆ ಉಗುಳಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದವು. ಮೊದಲ ಹತ್ತು ಹನ್ನೆರಡು ದಿನ ನುಂಗಿರಬೇಕು, ಆಮೇಲೆ ಒಂದೂ ಇಲ್ಲ. ಅಂಗಳಕ್ಕೆ ಎಸೆದರೆ ಕೋಳಿ ಹೆಕ್ಕುತ್ತದೆ, ಬೇಲಿಯಾಚೆ ಎಸೆದರೆ ಯಾರಾದರೂ ಕಂಡು ನನಗೆ ಹೇಳುತ್ತಾರೆ. ಅದಕ್ಕೆ ಕೂಡಿಟ್ಟದ್ದು. ಮಗಳು ಒಬ್ಬಳೇ ಮಾಡಿದ ಕೆಲಸ ಇದಲ್ಲ ಎಂಬುದು ಆ ಕಪಾಟು ನೋಡಿದರೇ ಗೊತ್ತಾಗುತ್ತಿತ್ತು. ಅದು ಜಲಜಳ ಕಪಾಟು. ಅದರ ಬೀಗದ ಕೈ ಅವಳ ಸೊಂಟದಲ್ಲೇ ಇರುವುದು.

ನನಗೆ ಅಳು ಬರಲಿಲ್ಲ. ಎಲ್ಲವನ್ನೂ ಬಟ್ಟೆಯ ಚೀಲಕ್ಕೆ ತುಂಬಿ ಮೂರೂವರೆಯ ಬಸ್ಸು ಹಿಡಿದೆ. ಬಸ್ಸಿನಲ್ಲಿ ಒಂದೇ ಯೋಚನೆ. ನಾನು ಹೇಳದೆ ಇದ್ದರೆ ಹುಡುಗಿಯ ಮೂಳೆಗೆ ಸೂಜಿ. ಇಲ್ಲದ ಕಾಯಿಲೆ ಹುಡುಕುತ್ತಾ ದಿನ ಹೋದರೆ, ಅಷ್ಟರಲ್ಲಿ ಹೆರಿಗೆ ನೋವು ಬಂದರೆ, 6.6 ಇಟ್ಟುಕೊಂಡು ಹೆರಬೇಕು. ಹೇಳಿದರೆ ಜಲಜ ಇಲ್ಲ. ಇಷ್ಟೇ ಲೆಕ್ಕ. ಸೇತುವೆ ದಾಟುವಷ್ಟರಲ್ಲಿ ಮುಗಿಯಿತು.

ನಾನು ಜಲಜಳ ಹತ್ತಿರ ಹೋಗಲಿಲ್ಲ. ನೇರ ಡಾಕ್ಟರಮ್ಮನ ಮೇಜಿನ ಮೇಲೆ ಚೀಲ ಸುರಿದೆ. ಬೆಳಿಗ್ಗೆ ಹೇಳಿದ್ದು ತಪ್ಪು, ನುಂಗಿದ್ದನ್ನು ನಾನು ಕಂಡಿಲ್ಲ, ಬಾಯಿಗೆ ಹಾಕಿದ್ದನ್ನು ಮಾತ್ರ ಕಂಡದ್ದು ಎಂದೆ. ಅವರು ಒಂದು ಮಾತ್ರೆಯನ್ನು ಎತ್ತಿ ನೋಡಿ ಇಟ್ಟರು. ನನ್ನನ್ನು ಬೈಯಲಿಲ್ಲ. ಮೂತ್ರದಲ್ಲಿ ರಕ್ತ ಇಲ್ಲ ಎಂದು ಲ್ಯಾಬಿನಿಂದ ಬಂದಿದೆ, ಬೀಟ್‌ರೂಟ್ ಬಹಳ ತಿನ್ನುತ್ತಾಳಾ ಎಂದು ಅವರೇ ಕೇಳಿದರು. ಕೆಲವರಿಗೆ ಬೀಟ್‌ರೂಟಿನ ಬಣ್ಣ ಹಾಗೇ ಮೂತ್ರದಲ್ಲಿ ಇಳಿಯುತ್ತದಂತೆ, ಮೈಯಲ್ಲಿ ಕಬ್ಬಿಣ ಕಡಿಮೆ ಇದ್ದವರಿಗೆ ಇನ್ನೂ ಹೆಚ್ಚಂತೆ. ಅದರಿಂದ ಕೆಡುಕಿಲ್ಲ.

ಆಮೇಲೆ ಜಲಜಳನ್ನು ಕರೆಸಿದರು. ಮೇಜಿನ ಮೇಲೆ ಇದ್ದದ್ದನ್ನು ಅವಳು ಕಂಡಳು. ನನ್ನನ್ನೂ ಕಂಡಳು. ಮಾತ್ರೆ ಯಾಕೆ ಕೊಡಲಿಲ್ಲ ಎಂದು ಕೇಳಿದ್ದಕ್ಕೆ ಅವಳು ಡಾಕ್ಟರಮ್ಮನ ಮುಖ ನೋಡಿಕೊಂಡೇ ಹೇಳಿದಳು, "ನಮ್ಗ್ ಎಂತ ಗೊತ್ತಿತ್ತ್ ಡಾಕ್ಟ್ರೆ. ಬೀಟ್‌ರೂಟ್ ತಿಂದ್ರೆ ರಕ್ತ ತುಂಬ್ತ್, ಮಾತ್ರೆ ಎಂತಕ್ಕೆ ಅಂದೇಳಿ ಅಂಗನವಾಡಿ ಗುಲಾಬಿಯೇ ಹೇಳಿದ್ದ್."

ನಲವತ್ತು ವರ್ಷದಲ್ಲಿ ಅವಳು ನನ್ನನ್ನು ಅಂಗನವಾಡಿ ಗುಲಾಬಿ ಎಂದದ್ದು ಅದೇ ಮೊದಲು.

ಆ ಮಾತಿನಲ್ಲಿ ಅರ್ಧ ನನ್ನದು. ಉಳಿದ ಅರ್ಧ ಅವಳದು. ಎರಡನ್ನೂ ಸೇರಿಸಿ ಹೊಲಿದು ನನ್ನ ತಲೆಗೆ ಹಾಕಿದಳು. ನಾನು ಪವಿತ್ರ ಮಲಗಿದ ಮಂಚದ ಹತ್ತಿರ ಹೋದೆ. ಅವಳು ಗೋಡೆಯ ಕಡೆ ತಿರುಗಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಸಣ್ಣ ಸ್ವರದಲ್ಲಿ ಹೇಳಿದಳು. ಮಾತ್ರೆ ತಿಂದರೆ ಹೊಟ್ಟೆ ತೊಳೆಸುತ್ತಿತ್ತು. ಅಬ್ಬಿಗೆ ಹೇಳಿದಾಗ ಅಬ್ಬಿಯೇ ಬೇಡ ಎಂದಳು. ಕಕ್ಕಸು ಕಪ್ಪಾಗುವ ಮಾತ್ರೆ ತಿಂದರೆ ಮಗುವೂ ಕಪ್ಪಾಗುತ್ತದೆ, ಬೀಟ್‌ರೂಟ್ ತಿಂದರೆ ಕೆಂಪು ಕೆಂಪು ಮಗು ಹುಟ್ಟುತ್ತದೆ ಎಂದು ಯಾರೋ ಹೇಳಿದ್ದರಂತೆ.

"ನಂಗೆ ಒಂದ್ ಮಾತ್ ಹೇಳುಕಾಗ್ದಿತ್ತಾ" ಎಂದೆ.

"ನೀವ್ ಬೈತ್ರಿ" ಎಂದಳು.

ಬೀಟ್‌ರೂಟಿನ ವಿಷಯವನ್ನು ಡಾಕ್ಟರಮ್ಮ ಮರುದಿನ ನನಗೆ ಸರಿಯಾಗಿ ತಿಳಿಸಿದರು. ಬೀಟ್‌ರೂಟ್ ಒಳ್ಳೆಯದೇ. ಅದರಲ್ಲಿ ಫೋಲೇಟ್ ಎಂಬ ವಿಟಮಿನ್ ಇದೆ, ಹೊಸ ರಕ್ತ ಹುಟ್ಟಲು, ಮಗುವಿನ ಬೆನ್ನುಹುರಿ ಬೆಳೆಯಲು ಅದು ಬೇಕು. ನಾರು ಇದೆ, ಹೊಟ್ಟೆ ಕಟ್ಟುವುದಿಲ್ಲ. ನೈಟ್ರೇಟ್ ಎಂಬುದು ರಕ್ತನಾಳವನ್ನು ಸಡಿಲ ಮಾಡುತ್ತದೆ, ಬಿಪಿ ಇದ್ದವರಿಗೆ ಅದರಿಂದ ಸ್ವಲ್ಪ ಇಳಿಯುತ್ತದೆ. ಗಡ್ಡೆಗಿಂತ ಸೊಪ್ಪಿನಲ್ಲಿ ಕಬ್ಬಿಣ ಹೆಚ್ಚು. ಆದರೆ ನೂರು ಗ್ರಾಂ ಗಡ್ಡೆಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ, ನಾನು ಕೊಡುತ್ತಿದ್ದ ಒಂದು ಮಾತ್ರೆಯಲ್ಲಿ ಅರವತ್ತು. ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧವೇ ಇಲ್ಲ. ಕಿಡ್ನಿಯಲ್ಲಿ ಕಲ್ಲು ಇದ್ದವರು ಕೇಳಿಕೊಂಡೇ ತಿನ್ನಬೇಕು. ಪಲ್ಯ ಮಾಡಿ, ಮಾತ್ರೆಯನ್ನೂ ಕೊಡಿ, ಅದರ ಜೊತೆ ಲಿಂಬೆ ನೀರು ಕೊಡಿ, ಚಹಾ ಮಾತ್ರ ಕೊಡಬೇಡಿ ಎಂದರು. ಬೀಟ್‌ರೂಟ್ ನನಗೆ ಮೋಸ ಮಾಡಲಿಲ್ಲ. ಅದು ತನ್ನಲ್ಲಿ ಇದ್ದದ್ದನ್ನು ಕೊಟ್ಟಿತು. ಇಲ್ಲದ್ದನ್ನು ಅದರ ಮೇಲೆ ಹೊರಿಸಿದ್ದು ನಾನು.

ಪವಿತ್ರಳಿಗೆ ಎರಡು ಬಾಟಲಿ ರಕ್ತ ಕೊಟ್ಟರು. ಆಮೇಲೆ ಕಬ್ಬಿಣವನ್ನೇ ಡ್ರಿಪ್ಪಿನಲ್ಲಿ ಹಾಕಿದರು. ದೊಡ್ಡ ಆಸ್ಪತ್ರೆಗೂ ಕಳಿಸಬೇಕಾಗಲಿಲ್ಲ, ಮೂಳೆಗೆ ಸೂಜಿಯೂ ಬೇಕಾಗಲಿಲ್ಲ. ಒಂಬತ್ತನೇ ತಿಂಗಳ ಕೊನೆಗೆ ಎಚ್‌ಬಿ 10.2. ಸಹಜ ಹೆರಿಗೆ, ಗಂಡು ಮಗು, ಎರಡು ಕೆಜಿ ಏಳುನೂರು ಗ್ರಾಂ. ಮಗು ಅಪ್ಪನ ಹಾಗೆ ಕಪ್ಪು, ಲಕ್ಷಣವಾಗಿತ್ತು.

ವಿಷಯ ಇಲಾಖೆಗೆ ಹೋಯಿತು. ಸೂಪರ್‌ವೈಸರ್ ಅಂಗನವಾಡಿಗೆ ಬಂದು ವಿಚಾರಣೆ ಮಾಡಿದರು. ಅಷ್ಟರಲ್ಲಿ ಮಗಳು ಮೊಮ್ಮಗ ಇಬ್ಬರೂ ಚೆನ್ನಾಗಿ ಮನೆಯಲ್ಲಿದ್ದರು, ಜಲಜಳಿಗೆ ಹೆದರಲು ಯಾವ ಕಾರಣವೂ ಇರಲಿಲ್ಲ. ಈಗಾದರೂ ನಿಜ ಹೇಳಿಯಾಳು ಎಂದುಕೊಂಡಿದ್ದೆ. ಅವಳು ನನ್ನ ಎದುರಿಗೆ ಕೂತು ಅದೇ ಮಾತನ್ನು ಮತ್ತೆ ಹೇಳಿದಳು, ಹೇಳಿ ಸಹಿ ಹಾಕಿದಳು. ಟೀಚರ್ ನನ್ನ ಪರವಾಗಿ ಬರೆದುಕೊಟ್ಟರು, ಇಲಾಖೆಯವರು ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಕೆಲಸ ಉಳಿಯಿತು. ಅವತ್ತು ಸಂಜೆ ಜಲಜ ನಮ್ಮ ಮನೆಯ ಬೇಲಿಯ ಹತ್ತಿರ ಬಂದು "ಹ್ವಾಯ್" ಎಂದು ಕರೆದಳು. ಬೂತಾಯಿ ಮೀನು ತಂದಿದ್ದಳು. ತಾನು ಆಸ್ಪತ್ರೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ್ದು, ಇನ್ನು ಬದಲಿಸಿದರೆ ಊರವರು ಎಂತ ಹೇಳುತ್ತಾರೆ ಎಂದಳು. ಬೂತಾಯಿ ಬೇಡ ಎಂದು ನಾನು ಒಳಗೆ ಹೋದೆ. ಮೂರು ಮನೆ ಆಚೆ ಇದ್ದಾಳೆ. ಎದುರು ಸಿಕ್ಕರೆ ದಾರಿ ಬಿಡುತ್ತೇನೆ, ಮಾತಿಲ್ಲ.

ಜಲಜಳದ್ದು ಅಲ್ಲಿಗೆ ಬಿಟ್ಟೆ. ಆದರೆ ಹುಡುಗಿ ಹೇಳಿದ "ನೀವ್ ಬೈತ್ರಿ" ಎಂಬುದನ್ನು ಬಿಡಲಾಗಲಿಲ್ಲ. ನಾನು ಬೈಯುವುದು ನಿಜ. ಬೈದರೆ ಹೆದರಿ ನುಂಗುತ್ತಾರೆ ಎಂದುಕೊಂಡಿದ್ದೆ. ಹೆದರಿದ್ದು ನಿಜ, ನುಂಗಲಿಲ್ಲ. ಮಾತ್ರೆ ತಿಂದೆಯಾ ಎಂದು ಗದರಿಸಿ ಕೇಳಿದರೆ ಹೌದು ಎನ್ನುವುದು ಬಿಟ್ಟು ಅವರಿಗೆ ಬೇರೆ ದಾರಿ ಎಲ್ಲಿದೆ.

ಮುಂದಿನ ತಿಂಗಳು ಊಟಕ್ಕೆ ಆರು ಜನ ಬರುತ್ತಿದ್ದರು. ಒಂದು ದಿನ ಪಲ್ಯ ಬಡಿಸಿ ಆದ ಮೇಲೆ ಅಂಗೈ ತೋರಿಸಿ ಎನ್ನಲಿಲ್ಲ, ಬಣ್ಣವನ್ನೂ ಕೇಳಲಿಲ್ಲ. "ಈ ವಾರ ಎಷ್ಟ್ ಮಾತ್ರೆ ಬಿಸಾಡಿದ್ರಿ? ಬೈತಿಲ್ಲೆ, ಹೇಳಿ" ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಒಬ್ಬಳು ಮೂರು ಎಂದಳು. ಇನ್ನೊಬ್ಬಳು ಮನೆಯಲ್ಲಿ ಕೊಟ್ಟದ್ದನ್ನು ಪೂರಾ ಎಂದಳು. ಇಬ್ಬರು ತಲೆ ತಗ್ಗಿಸಿದರು. ಗೋಡೆ ಬದಿಯಲ್ಲಿ ಕೂತವಳಿಗೆ ಅದು ಮೂರನೇ ಬಸಿರು. ತಾಯಂದಿರ ಸಭೆಯಲ್ಲಿ, ಮಾತ್ರೆ ನುಂಗುವುದಾದರೆ ಇವಳ ಹಾಗೆ ನುಂಗಬೇಕು ಎಂದು ನಾನು ಹೊಗಳುತ್ತಿದ್ದದ್ದು ಅವಳನ್ನೇ. ಅವಳು ಕೈ ತೊಳೆದುಕೊಂಡು ಬಂದು, ಮೂರು ಬಸಿರಿನಲ್ಲೂ ಒಂದೂ ತಿಂದಿಲ್ಲ ಗುಲಾಬಕ್ಕ ಎಂದಳು.

ಮೂರು ಸಲವೂ ಕೊಟ್ಟವಳು ನಾನೇ. ಮೂರು ಸಲವೂ ಅವಳ ಕೈ ನೋಡಿ, ನುಂಗಿದ್ದಾಳೆ ಎಂದು ಟೀಚರಿಗೆ ಹೇಳಿ ರಿಜಿಸ್ಟರಿನಲ್ಲಿ ಗುರುತು ಹಾಕಿಸಿದವಳೂ ನಾನೇ.

ಎತ್ತಿದ ಬಟ್ಟಲನ್ನು ಕೆಳಗಿಟ್ಟು ಅವಳ ಪಕ್ಕ ಕೂತೆ. "ತಿಂದ್ರೆ ನಿಂಗ್ ಎಂತ ಆತ್ತ್, ಅದನ್ನ್ ಹೇಳ್ ಮಗಾ" ಎಂದೆ. ಇಪ್ಪತ್ತೊಂಬತ್ತು ವರ್ಷದ ಕೆಲಸದಲ್ಲಿ ಆ ಪ್ರಶ್ನೆ ಕೇಳಿದ್ದು ಅವತ್ತೇ ಮೊದಲು.